ತಮ್ಮನ ಸ್ಟೆಮ್ ಸೆಲ್ ಕಸಿ, ಅವ್ವನ ಪ್ರಶ್ನೆಗಳು

ತಮ್ಮನ ಬೋನ್ ಮ್ಯಾರೋ ಕಸಿ (ಮೂಳೆಯ ಮಜ್ಜೆಯಲ್ಲಿ ರಕ್ತ ಹುಟ್ಟಿಸುವ ಸ್ಟೆಮ್ ಸೆಲ್ ಅನ್ನುವ ಮೂಲ ಕೋಶಗಳ ಕಸಿ) ಮುಗಿದು, ನೂರು ದಿನದ ಗಡುವು ದಾಟಿ, ನಾವು ಈಗಷ್ಟೇ ಬೆಂಗಳೂರಿನಿಂದ ಬೆಳಗಾವಿಗೆ ಮರಳಿದ್ದೇವೆ. ಆಸ್ಪತ್ರೆ, ದುಡ್ಡು, ಕಾಗದಪತ್ರದ ವಿಷಯ ಹೇಗೋ ಯಾರನ್ನಾದರೂ ಕೇಳಿ ತಿಳಿದುಕೊಳ್ಳಬಹುದು. ಆದರೆ ‘ಇದು ನಮ್ಮ ಧರ್ಮಕ್ಕೆ ಸರಿನಾ?’ ಅಂತ ಮನೆಯ ಹಿರಿಯರು ಕೇಳಿ ಕೂತುಬಿಟ್ಟರೆ ಏನು ಮಾಡಬೇಕು ಅಂತ ನನಗೆ ಯಾರೂ ಹೇಳಲಿಲ್ಲ. ಅದಕ್ಕೇ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ನಮ್ಮ ತವರು ರಾಯಬಾಗ ತಾಲ್ಲೂಕಿನ ಒಂದು ಹಳ್ಳಿ. ಜೈನರು, ಕಬ್ಬು ಬೆಳೆಯುವವರು. ನಾನು ಮದುವೆಯಾಗಿ ಬೆಳಗಾವಿಯ ಟಿಳಕವಾಡಿಯಲ್ಲಿದ್ದೇನೆ. ಅವ್ವ ಅಣುವ್ರತ ತೆಗೆದುಕೊಂಡವಳು. ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ, ಗಡ್ಡೆಗೆಣಸು ಮುಟ್ಟುವುದಿಲ್ಲ, ನೀರನ್ನು ಸೋಸಿ ಕಾಯಿಸಿಯೇ ಕುಡಿಯುತ್ತಾಳೆ. ಇದೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ಒಂದೊಂದೂ ಕೆಲಸಕ್ಕೆ ಬಂತು.

ಮಳೆಗಾಲದ ಶುರುವಿನಲ್ಲಿ ತಮ್ಮನಿಗೆ ಸುಸ್ತು. ಹಲ್ಲುಜ್ಜಿದರೆ ವಸಡಿನಿಂದ ರಕ್ತ. ಕಾಲ ಮೇಲೆ ಪೆಟ್ಟು ಬೀಳದೆಯೂ ಕಪ್ಪು ಕಲೆ. ಊರಿನಲ್ಲಿ ಡೆಂಗ್ಯೂ ಇರಬಹುದು ಅಂದರು, ಸೀಸನ್ನೂ ಅದೇ ಆಗಿತ್ತು. ಬೆಳಗಾವಿಗೆ ಕರೆತಂದು ರಕ್ತ ಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್ ಒಂದೇ ಅಲ್ಲ, ಬಿಳಿ ರಕ್ತಕಣ, ಹಿಮೋಗ್ಲೋಬಿನ್ ಮೂರೂ ನೆಲ ಕಚ್ಚಿದ್ದವು. ಮೂರೂ ಒಟ್ಟಿಗೆ ಇಳಿದಿದ್ದರೆ ಡೆಂಗ್ಯೂ ಅಂತ ಕಾಯುತ್ತಾ ಕೂರಬೇಡಿ, ರಕ್ತರೋಗ ತಜ್ಞರಿಗೆ ತೋರಿಸಿ.

ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದರು. ರಿಪೋರ್ಟ್ ಬರುವವರೆಗೆ ಅಪ್ಪ ಆಸ್ಪತ್ರೆಯ ಕ್ಯಾಂಟೀನಿನಲ್ಲೇ ಕೂತಿರುತ್ತಿದ್ದರು, ವಾರ್ಡಿಗೆ ಬರಲು ಅವರಿಗೆ ಧೈರ್ಯ ಇರಲಿಲ್ಲ. ಬಂದದ್ದು ಅಪ್ಲಾಸ್ಟಿಕ್ ಅನೀಮಿಯಾ, ಅದೂ ತೀವ್ರ. ಕ್ಯಾನ್ಸರ್ ಅಲ್ಲ ಅಂದಾಗ ಎಲ್ಲರೂ ಉಸಿರು ಬಿಟ್ಟೆವು. ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ರಕ್ತ ಹುಟ್ಟುವ ಮಜ್ಜೆಯಲ್ಲಿ ಕೋಶಗಳೇ ಉಳಿದಿಲ್ಲ, ಬರೀ ಕೊಬ್ಬು ತುಂಬಿದೆ. ದೇಹದ ರೋಗನಿರೋಧಕ ಶಕ್ತಿಯೇ ತನ್ನ ಮಜ್ಜೆಯ ಮೇಲೆ ತಿರುಗಿಬಿದ್ದಿದೆ. ಅಣ್ಣತಮ್ಮ, ಅಕ್ಕತಂಗಿಯರಲ್ಲಿ ಯಾರದಾದರೂ ಪೂರ್ತಿ ಹೊಂದಿದರೆ ಈ ವಯಸ್ಸಿಗೆ ಕಸಿಯೇ ಮೊದಲ ದಾರಿ. ಇಲ್ಲದಿದ್ದರೆ ಔಷಧಿಯ ದಾರಿ.

ಇಲ್ಲೊಂದು ಮಾತು, ದಯವಿಟ್ಟು ನೆನಪಿಡಿ. ಸುದ್ದಿ ತಿಳಿದ ಕೂಡಲೇ ಕಾಕಾ, ಮಾವ, ಅವರ ಮಕ್ಕಳು ಎಲ್ಲ ರಕ್ತ ಕೊಡಲು ಜೀಪು ಮಾಡಿಕೊಂಡು ಬಂದರು. ಡಾಕ್ಟರು ಬೇಡವೇ ಬೇಡ ಅಂದರು. ಕಸಿ ಆಗಬೇಕಾದವರಿಗೆ ಮನೆಯವರ ರಕ್ತ ಹಾಕಿದರೆ, ಮುಂದೆ ಮನೆಯವರದೇ ಮಜ್ಜೆ ಹಾಕಿದಾಗ ದೇಹ ಅದನ್ನು ತಿರಸ್ಕರಿಸುವ ಅಪಾಯ ಹೆಚ್ಚುತ್ತದೆ. ಬಂದವರ ರಕ್ತವನ್ನು ಬ್ಲಡ್ ಬ್ಯಾಂಕಿಗೆ ಬೇರೆಯವರಿಗಾಗಿ ಕೊಡಿಸಿ, ರೋಗಿಗೆ ಹೊರಗಿನವರದು ಹಾಕಿಸಿ. ಅದೂ ಬಿಳಿಕಣ ಸೋಸಿದ, ವಿಕಿರಣ ಹಾಯಿಸಿದ ರಕ್ತವೇ ಬೇಕು ಅಂತ ಕೇಳಿ.

ಮಜ್ಜೆ ಹೊಂದುತ್ತದೋ ಅಂತ ನೋಡಲು ನನ್ನ ಮತ್ತು ಅಣ್ಣನ ರಕ್ತ ಎಚ್‌ಎಲ್‌ಎ ಪರೀಕ್ಷೆಗೆ ಹೋಯಿತು. ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರದೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ರಿಪೋರ್ಟಿಗೆ ಕಾದ ಆ ದಿನಗಳಷ್ಟು ಉದ್ದದ ದಿನಗಳನ್ನು ನಾನು ನೋಡಿಲ್ಲ. ಅಣ್ಣನದು ಅರ್ಧ ಹೊಂದಿತು, ನನ್ನದು ಪೂರ್ತಿ. ಮನೆಯಲ್ಲಿ ಯಾರದೂ ಹೊಂದದವರು ಧೈರ್ಯಗೆಡಬೇಡಿ. ದಾತ್ರಿ, ಡಿಕೆಎಂಎಸ್ ತರಹದ ದಾನಿಗಳ ನೋಂದಣಿ ಸಂಸ್ಥೆಗಳಲ್ಲಿ ಹುಡುಕಿಸಬಹುದು. ಅರ್ಧ ಹೊಂದಿದವರಿಂದಲೂ ಈಗ ಕಸಿ ಮಾಡುತ್ತಾರೆ.

ಖುಷಿಯಲ್ಲಿ ಡಾಕ್ಟರು, “ಹಂಗಾದ್ರ ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್ ತಯಾರಿ ಶುರು ಮಾಡೂನ್ರಿ” ಅಂದರು. ಅವ್ವ ಅಲ್ಲೇ ಇದ್ದಳು. ಹೊರಗೆ ಬಂದವಳೇ ನನ್ನ ಕೈ ಹಿಡಿದು, “ಅದು ಹೊಟ್ಟ್ಯಾಗಿನ ಕೂಸಿನ ಜೀವ ತಗದು ಮಾಡೂದಂತ. ಒಂದ್ ಜೀವ ಉಳಸಾಕ ಇನ್ನೊಂದ್ ಜೀವ ತಗೀಬೇಕೇನ? ನಾ ಒಲ್ಲೆ” ಅಂದಳು. ಟಿವಿಯಲ್ಲಿ ಯಾವಾಗಲೋ ಕೇಳಿದ್ದಳಂತೆ.

ಅಣ್ಣನಿಗೆ ಸಿಟ್ಟು ಬಂತು. “ಮಗ ಸಾಯಾಕತ್ತಾನ, ನಿಂದೇನ ಶಾಸ್ತ್ರ” ಅಂದುಬಿಟ್ಟ. ಅವ್ವ ಎರಡು ಹೊತ್ತು ಊಟ ಬಿಟ್ಟಳು. ನನಗೆ ಅನಿಸಿದ್ದು ಬೇರೆ. ಅವ್ವ ಕೇಳಿದ್ದು ಮೂಢನಂಬಿಕೆಯ ಪ್ರಶ್ನೆ ಅಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳು, ಸರ್ಕಾರಗಳು ಕೂತು ಚರ್ಚಿಸಿದ ಪ್ರಶ್ನೆಯೇ ಅದು. ಬೇರೆ ಚಿಕಿತ್ಸೆಯ ಬಗ್ಗೆ ಇದ್ದ ಪ್ರಶ್ನೆಯನ್ನು ನಮ್ಮ ಚಿಕಿತ್ಸೆಗೆ ಕೇಳಿದ್ದಳು, ಅಷ್ಟೇ. ಗದರಿಸುವುದು ಬಿಟ್ಟು ಡಾಕ್ಟರ ಹತ್ತಿರವೇ ಕರೆದುಕೊಂಡು ಹೋದೆ. ಒಪಿಡಿ ಮುಗಿದ ಮೇಲೆ ಬನ್ನಿ ಅಂದರು. ಸಂಜೆಯಾಗುತ್ತಾ ಬಂತು, ಅವ್ವನ ಊಟದ ಹೊತ್ತು ಮೀರಿತು. ಆದರೂ ಕೂತಳು.

ಡಾಕ್ಟರು ನಿಧಾನವಾಗಿ ಹೇಳಿದರು. ಅವ್ವ ಕೇಳಿದ್ದು ಸುಳ್ಳಲ್ಲ. 1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಥಾಮ್ಸನ್ ಅನ್ನುವವರು ಮನುಷ್ಯ ಭ್ರೂಣದಿಂದ ಸ್ಟೆಮ್ ಸೆಲ್ ತೆಗೆದು ಬೆಳೆಸಿದರು. ಮಕ್ಕಳಾಗದವರ ಚಿಕಿತ್ಸೆಯಲ್ಲಿ ಪ್ರಯೋಗಾಲಯದಲ್ಲಿ ಮಾಡಿ, ಬಳಸದೆ ಉಳಿದ, ಕೆಲವೇ ದಿನಗಳ ಭ್ರೂಣಗಳು ಅವು. ಗರ್ಭದಿಂದ ಕಿತ್ತದ್ದಲ್ಲ. ಆದರೆ ಒಳಗಿನ ಕೋಶ ತೆಗೆದರೆ ಆ ಭ್ರೂಣ ಉಳಿಯುವುದಿಲ್ಲ, ಅದು ನಿಜ. ಜಗಳ ಇರುವುದು ಅಲ್ಲೇ. ನಮ್ಮ ದೇಶದಲ್ಲೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಇದೆ. ದಂಪತಿಯ ಒಪ್ಪಿಗೆ ಬೇಕು, ಸಮಿತಿಯ ಅನುಮತಿ ಬೇಕು, ಭ್ರೂಣವನ್ನು 14 ದಿನಕ್ಕಿಂತ ಹೆಚ್ಚು ಬೆಳೆಸುವಂತಿಲ್ಲ.

“ನಿಮ್ಮ ಮಗಗ ಹಾಕೂದು ಅದಲ್ರಿ ಅಮ್ಮಾರ” ಅಂದರು. ಇದು ಅದಕ್ಕಿಂತ ನಲವತ್ತು ವರ್ಷ ಹಳೆಯ ಚಿಕಿತ್ಸೆ. ಡಾನಲ್ ಥಾಮಸ್ ಅನ್ನುವವರು 1957ರಲ್ಲೇ ಮಜ್ಜೆ ಹಾಕುವ ಪ್ರಯೋಗಗಳನ್ನು ವರದಿ ಮಾಡಿದ್ದರು, 1990ರಲ್ಲಿ ಅವರಿಗೆ ನೊಬೆಲ್ ಬಂತು. ಕೋಶ ಬರುವುದು ಬದುಕಿರುವ ಮಗಳ ಮೂಳೆಯಿಂದ. ಅವಳಿಗೆ ನಾಲ್ಕಾರು ವಾರದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಾಳಿ ಮರಿ ಕಿತ್ತು ಬ್ಯಾರೆ ಕಡೆ ಹಚ್ಚಿದಂಗ” ಅಂದಳು. ಡಾಕ್ಟರು ನಕ್ಕು, ಹೂಂ ಅಂದರು. ಜೊತೆಗೆ ಜಪಾನಿನ ಶಿನ್ಯಾ ಯಮನಾಕಾ ಅವರ ಕಥೆಯನ್ನೂ ಹೇಳಿದರು. 2006ರಲ್ಲಿ ಇಲಿಯ ಸಾಮಾನ್ಯ ಕೋಶವನ್ನು, ಮರುವರ್ಷ ಮನುಷ್ಯನ ಚರ್ಮದ ಕೋಶವನ್ನು ಭ್ರೂಣದ ಕೋಶದಂತೆ ಮಾಡಿ ತೋರಿಸಿದ್ದು, ಅದಕ್ಕೆ 2012ರಲ್ಲಿ ನೊಬೆಲ್ ಬಂದದ್ದು. “ಹಂಗಾದ್ರ ಇದನ್ನ ಮೊದಲ ಯಾಕ ಮಾಡ್ಲಿಲ್ಲ?” ಅಂತ ಅವ್ವ. ಭ್ರೂಣದ ಕೋಶಗಳಲ್ಲಿ ಯಾವ ಜೀನ್ ಕೆಲಸ ಮಾಡುತ್ತದೆ ಅಂತ ಮೊದಲು ಗೊತ್ತಾಗಿದ್ದರಿಂದಲೇ ಇದು ಸಾಧ್ಯವಾಯಿತು ಅಂದರು ಡಾಕ್ಟರು. ಅದು ಅವ್ವನಿಗೆ ಅಷ್ಟು ಹಿಡಿಸಲಿಲ್ಲ. ನನಗೂ ಅದಕ್ಕೆ ಉತ್ತರ ಇಲ್ಲ.

ಆದರೂ ಮಹಾರಾಜರನ್ನು, ಅಂದರೆ ನಮ್ಮ ಜೈನ ಮುನಿಗಳನ್ನು, ಕೇಳದೆ ಅವ್ವ ಪೂರ್ತಿ ಒಪ್ಪುವವಳಲ್ಲ. ಚಾತುರ್ಮಾಸದ ಕಾಲ, ಹತ್ತಿರದ ಊರಿನಲ್ಲಿ ಮುನಿಗಳಿದ್ದರು. ನಮೋಸ್ತು ಹೇಳಿ ವಿಷಯ ಮುಂದಿಟ್ಟೆವು. ಅವರು ನನ್ನನ್ನೇ ಕೇಳಿದರು, ಮನಸ್ಸಿನಿಂದ ಕೊಡುತ್ತೀಯಾ, ಯಾರ ಒತ್ತಾಯವೂ ಇಲ್ಲವಾ ಅಂತ. ಇಲ್ಲ ಅಂದೆ. ಹಾಗಾದರೆ ಇದು ಔಷಧ ದಾನ ಅಂದರು. ಆಹಾರ, ಅಭಯ, ಭೈಷಜ್ಯ (ಔಷಧ), ಶಾಸ್ತ್ರ ಅಂತ ನಾಲ್ಕು ದಾನ ನಮ್ಮಲ್ಲಿ. ಹಳೆಯ ಕನ್ನಡ ಶಾಸನಗಳಲ್ಲೂ ಈ ನಾಲ್ಕೂ ಒಟ್ಟಿಗೇ ಬರುತ್ತವೆ. ಭ್ರೂಣದ ವಿಷಯ ಕೇಳಿದ್ದಕ್ಕೆ, ಗೊತ್ತಿದ್ದೂ ಸಂಕಲ್ಪ ಮಾಡಿ ಪಂಚೇಂದ್ರಿಯ ಜೀವವನ್ನು ಕೊಲ್ಲುವುದು ಗೃಹಸ್ಥರಿಗೂ ಸಲ್ಲದು ಅಂದರು. ಅಂದರೆ ಅವ್ವ ಹೇಳಿದ್ದೂ ಸರಿ, ಕಸಿಯೂ ಸರಿ. ಅವ್ವ ಬೆಳಗಾವಿ ಕೋಟೆಯ ಕಮಲ ಬಸದಿಗೆ ಹೋಗಿ ನೇಮಿನಾಥನಿಗೆ ಕೈ ಮುಗಿದು ಬಂದು, ಬ್ಯಾಗು ತುಂಬಲು ಕೂತಳು.

ಅಷ್ಟರಲ್ಲಿ ದೂರದ ಸಂಬಂಧಿಕರೊಬ್ಬರು ಪಾಂಪ್ಲೆಟ್ ತಂದರು. ಯಾವುದೋ ಊರಿನ ಕ್ಲಿನಿಕ್‌ನದು. ಸಕ್ಕರೆ ಕಾಯಿಲೆ, ಮೊಣಕಾಲು, ಪಾರ್ಶ್ವವಾಯು, ಎಲ್ಲಕ್ಕೂ ಸ್ಟೆಮ್ ಸೆಲ್ ಇಂಜೆಕ್ಷನ್ ಅಂತೆ, ಕಸಿಗೆ ಮುಂಚೆ ಕೊಡುವ ಕಿಮೋನೂ ಬೇಕಿಲ್ಲವಂತೆ. ನಂಬಬೇಡಿ. ಐಸಿಎಂಆರ್ ಪ್ರಕಾರ ರೂಢಿಯ ಚಿಕಿತ್ಸೆ ಅಂತ ಒಪ್ಪಿರುವುದು ರಕ್ತ ಹುಟ್ಟಿಸುವ ಸ್ಟೆಮ್ ಸೆಲ್ ಕಸಿಯನ್ನು, ಅದೂ ರಕ್ತರೋಗಗಳಂಥ ಕೆಲವಕ್ಕೆ ಮಾತ್ರ. ಉಳಿದದ್ದು ಸಂಶೋಧನೆ. ಸಂಶೋಧನೆ ಅಂದಮೇಲೆ ನೋಂದಣಿ ಇರಬೇಕು, ರೋಗಿಯಿಂದ ದುಡ್ಡು ಕೀಳಬಾರದು. ನನ್ನ ಪ್ರಕಾರ ಧರ್ಮಕ್ಕೆ ದೊಡ್ಡ ಅಪಚಾರ ಈ ಪಾಂಪ್ಲೆಟ್‌ನದು.

ಇನ್ನು ದುಡ್ಡು. ಎಸ್ಟಿಮೇಟ್ ಹತ್ತು ಲಕ್ಷ ದಾಟಿತ್ತು. ಸೋಂಕು ಆದರೆ ಇನ್ನೂ ಜಾಸ್ತಿ ಆಗಬಹುದು ಅಂತ ಕೆಳಗೆ ಬರೆದಿದ್ದರು. ಕಬ್ಬಿನ ಬಿಲ್ ಇನ್ನೂ ಬಂದಿರಲಿಲ್ಲ. ಪಿಗ್ಮಿ ಮುರಿಸಿದೆವು, ಸೊಸೈಟಿಯಲ್ಲಿ ನನ್ನ ಬಂಗಾರ ಇಟ್ಟೆವು. ಪ್ರಧಾನ ಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೂ ಮುಖ್ಯಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಿದೆವು. ಬೇಕಾದದ್ದು ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಫೋಟೋ, ಡಾಕ್ಟರ ಸಹಿ ಇರುವ ಎಸ್ಟಿಮೇಟಿನ ಮೂಲ ಪ್ರತಿ. ಈ ಮೂಲ ಪ್ರತಿಯನ್ನು ಎಲ್ಲರೂ ಕೇಳುತ್ತಾರೆ. ಹಾಗಾಗಿ ಮೊದಲೇ ಒಂದೆರಡು ಜಾಸ್ತಿ ಮಾಡಿಸಿಟ್ಟುಕೊಳ್ಳಿ. ಪ್ರಧಾನ ಮಂತ್ರಿ ನಿಧಿಯ ದುಡ್ಡು ನಿಮ್ಮ ಕೈಗೆ ಬರುವುದಿಲ್ಲ, ಆಸ್ಪತ್ರೆಗೇ ಹೋಗುತ್ತದೆ. ಅದಕ್ಕೇ ಚಿಕಿತ್ಸೆಗೆ ಮುಂಚೆಯೇ ಅರ್ಜಿ ಹಾಕಬೇಕು. ಚಿಕ್ಕ ಮಕ್ಕಳಿಗೆ ಈ ರೋಗವೋ, ಹುಟ್ಟಿನಿಂದ ಬರುವ ರಕ್ತರೋಗ ಥಲಸೇಮಿಯಾವೋ ಇದ್ದರೆ, ಕೋಲ್ ಇಂಡಿಯಾದ ಥಲಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ 10 ಲಕ್ಷದವರೆಗೆ ಸಿಗುತ್ತದೆ. ನಮ್ಮ ತಮ್ಮನಿಗೆ ವಯಸ್ಸು ಮೀರಿತ್ತು.

ನಮ್ಮನ್ನು ಕಾಡಿದ್ದು ಹೆಸರು. ಆಧಾರ್‌ನಲ್ಲಿ ಅಡ್ಡಹೆಸರು ಇದೆ, ರೇಷನ್ ಕಾರ್ಡಿನಲ್ಲಿ ಇಲ್ಲ, ಆಸ್ಪತ್ರೆ ಫೈಲಿನಲ್ಲಿ ಅಪ್ಪನ ಹೆಸರು ಸೇರಿಕೊಂಡಿದೆ. ಕೌಂಟರಿನಲ್ಲಿ ಕೂತವರಿಗೆ ಇವರು ಮೂವರು ಬೇರೆ ಬೇರೆ ಮನುಷ್ಯರು! ಆಸ್ಪತ್ರೆಗೆ ಮೊದಲ ದಿನ ಹೆಸರು ಬರೆಸುವಾಗಲೇ ಆಧಾರ್‌ನಲ್ಲಿ ಇದ್ದಂತೆ ಬರೆಸಿ.

ಬೆಂಗಳೂರಿಗೆ ಪ್ಲೇಟ್‌ಲೆಟ್ ಏರಿಸಿಕೊಂಡು ಕಾರಿನಲ್ಲೇ ಹೋದೆವು. ರೈಲಿನ ಜನಸಂದಣಿ ಬೇಡ ಅಂದಿದ್ದರು. ಅಲ್ಲಿ ನನ್ನ ತಪಾಸಣೆ ಆಯಿತು. ಎಚ್‌ಐವಿ, ಕಾಮಾಲೆ, ಹೃದಯ, ಗರ್ಭ ಇದೆಯೋ ಅಂತ, ಎಲ್ಲ. ಒಬ್ಬ ಆಪ್ತ ಸಮಾಲೋಚಕಿ ನನ್ನೊಬ್ಬಳನ್ನೇ ಕೂರಿಸಿ, ಯಾರಾದರೂ ಒತ್ತಾಯ ಮಾಡಿದ್ದಾರಾ ಅಂತ ಕೇಳಿದರು. ಮಹಾರಾಜರು ಕೇಳಿದ ಪ್ರಶ್ನೆಯೇ ಅದು ಅಂತ ಹೇಳಿದಾಗ ಅವರಿಗೆ ಆಶ್ಚರ್ಯ. ನಮ್ಮ ಅತ್ತೆಯವರಿಗೆ ಬೇರೆಯೇ ಚಿಂತೆ ಇತ್ತು, ಮಜ್ಜೆ ಕೊಟ್ಟರೆ ಮುಂದೆ ಮಕ್ಕಳಾಗುತ್ತವೋ ಇಲ್ಲವೋ ಅಂತ. ಅದಕ್ಕೇನೂ ತೊಂದರೆ ಇಲ್ಲ ಅಂತ ಡಾಕ್ಟರೇ ಫೋನಿನಲ್ಲಿ ಹೇಳಿದರು. ತೊಂದರೆ ಆಗಬಹುದಾದದ್ದು ರೋಗಿಗೆ. ಕಿಮೋದಿಂದ ಸಂತಾನಶಕ್ತಿ ಕುಗ್ಗಬಹುದು, ಮದುವೆಯಾಗದ ಹುಡುಗರು ಮೊದಲೇ ವೀರ್ಯ ಶೇಖರಿಸಿಡಬಹುದು. ಈ ಮಾತನ್ನು ಎಲ್ಲರ ಎದುರು ಯಾರೂ ಎತ್ತುವುದಿಲ್ಲ. ನಾಚಿಕೆ ಬಿಟ್ಟು ನೀವೇ ಕೇಳಿ.

ಎಲ್ಲ ಸರಿಹೋಯಿತು ಅನ್ನುವಾಗ ಇನ್ನೊಂದು ಕಂಟಕ. ಕಸಿಗೆ ಮುಂಚೆ ತಮ್ಮನಿಗೆ ಕಿಮೋ ಜೊತೆ ಎಟಿಜಿ ಅನ್ನುವ ಔಷಧಿ ಕೊಡಬೇಕಿತ್ತು, ಅವನ ದೇಹ ನನ್ನ ಕೋಶಗಳನ್ನು ಹೊರಗೆ ದಬ್ಬದಿರಲಿ ಅಂತ. ಒಪ್ಪಿಗೆ ಪತ್ರ ಓದುವಾಗ ಗೊತ್ತಾಯಿತು, ಅದನ್ನು ಕುದುರೆಯಿಂದಲೋ ಮೊಲದಿಂದಲೋ ತಯಾರಿಸುತ್ತಾರೆ. ನಮ್ಮವನಿಗೆ ಕುದುರೆಯದು. ಭ್ರೂಣ ಅಂತ ಇಷ್ಟೆಲ್ಲ ಹೆದರಿದ್ದೆವು, ಅಲ್ಲಿ ಏನೂ ಇರಲಿಲ್ಲ. ಪ್ರಾಣಿ ಬಂದದ್ದು ಯಾರೂ ನೋಡದ ಒಂದು ಸಣ್ಣ ಸೀಸೆಯಲ್ಲಿ.

ಅಣ್ಣ, “ಅವ್ವಗ ಹೇಳಬ್ಯಾಡ” ಅಂದ. ತಮ್ಮ ಕೇಳಲಿಲ್ಲ, ತಾನೇ ಹೇಳಿದ. “ಅಪ್ಪಾಗ ಹಾವು ಕಡದಾಗ ಹಾಕಿದ ಇಂಜೆಕ್ಷನ್ನೂ ಕುದುರಿ ರಕ್ತದ್ದ ಅವ್ವಾ. ಕುದುರಿ ಸಾಯಂಗಿಲ್ಲ, ರಕ್ತ ತಗೀತಾರ.” ಅದು ನಿಜವೇ. ಹಾವಿನ ವಿಷದ ಮದ್ದನ್ನು ಕುದುರೆಯಿಂದಲೇ ತಯಾರಿಸುವುದು. ಅವ್ವ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, “ಸಹಿ ನಿಂದು, ನೀ ಹಾಕು. ಪ್ರಾಯಶ್ಚಿತ್ತ ನಾ ಮಾಡ್ಕೋತೀನಿ” ಅಂದಳು. ಆ ದಿನದಿಂದ ಒಂದು ನೋಟ್‌ಬುಕ್ ಇಟ್ಟುಕೊಂಡಳು. ಯಾವ ಔಷಧಿ, ಯಾವುದರಿಂದ ಮಾಡಿದ್ದು ಅಂತ ಡಾಕ್ಟರನ್ನೋ ನರ್ಸನ್ನೋ ಕೇಳಿ ಬರೆಸಿಕೊಳ್ಳುವುದು. ಮೊದಮೊದಲು ವಾರ್ಡಿನಲ್ಲಿ ನಗುತ್ತಿದ್ದರು. ಆಮೇಲೆ ಅವರೇ ಹುಡುಕಿ ಹೇಳತೊಡಗಿದರು.

ಪಕ್ಕದ ರೂಮಿನಲ್ಲಿ ವಿಜಯಪುರದ ಮುಸ್ಲಿಂ ಕುಟುಂಬ ಇತ್ತು. ಅವರಲ್ಲಿ ಗರ್ಭಕ್ಕೆ ಆತ್ಮ ಬರುವುದು 120 ದಿನಕ್ಕೆ ಅಂತ ಅನೇಕ ವಿದ್ವಾಂಸರು ಹೇಳುತ್ತಾರಂತೆ, ಹಾಗಾಗಿ ಭ್ರೂಣದ ಬಗ್ಗೆ ಅವರ ಲೆಕ್ಕವೇ ಬೇರೆ. ಅವರನ್ನು ಕಾಡಿದ್ದು ರಕ್ತ ಹೆಪ್ಪುಗಟ್ಟದಂತೆ ಹಾಕುವ ಹೆಪಾರಿನ್, ಅದು ಹಂದಿಯ ಕರುಳಿನಿಂದ ಬರುತ್ತದೆ. ರೋಗಿಯ ಎದೆಗೆ ಹಾಕಿದ ಪೈಪ್ ತೊಳೆಯಲು ಅದರ ಬದಲು ಬರೀ ಸಲೈನ್ ಬಳಸಬಹುದಾ ಅಂತ ಕೇಳಿದರು. ಆಗಬಹುದು ಅಂದರು ನರ್ಸ್. ಆ ನರ್ಸ್ ಕೇರಳದ ಕ್ಯಾಥೊಲಿಕ್ ಹೆಣ್ಣುಮಗಳು. ಅವರ ಚರ್ಚು ಭ್ರೂಣ ನಾಶಮಾಡುವ ಸಂಶೋಧನೆಯನ್ನು ಒಪ್ಪುವುದೇ ಇಲ್ಲ, ದೊಡ್ಡವರು ಕೊಡುವ ಮಜ್ಜೆಗೆ ಪೂರ್ತಿ ಬೆಂಬಲ. “ನಿಮ್ ಅಮ್ಮ, ನಮ್ ಪೋಪ್ ಒಂದೇ ಪಾರ್ಟಿ” ಅನ್ನುತ್ತಿದ್ದಳು. ಮೂರು ಮನೆಯವರೂ ಕಾರಿಡಾರಿನಲ್ಲಿ ಕೂತು ಇದನ್ನೇ ಮಾತಾಡುತ್ತಿದ್ದೆವು. ಕಾಯುವಾಗ ಬೇರೆ ಏನು ಮಾಡುವುದು ಹೇಳಿ.

ನನ್ನ ಸರದಿ ಬಂತು. ಬಹಳ ರೋಗಗಳಿಗೆ ದಾನಿಗೆ ಕೆಲವು ದಿನ ಇಂಜೆಕ್ಷನ್ ಕೊಟ್ಟು, ಕೋಶಗಳು ರಕ್ತಕ್ಕೆ ಇಳಿದ ಮೇಲೆ ಯಂತ್ರದಲ್ಲಿ ಸೋಸಿ ತೆಗೆಯುತ್ತಾರೆ. ಅಪ್ಲಾಸ್ಟಿಕ್ ಅನೀಮಿಯಾಕ್ಕೆ ಮೂಳೆಯ ಮಜ್ಜೆಯೇ ಮೇಲು ಅಂತ ನಮ್ಮ ಡಾಕ್ಟರು ಅದನ್ನೇ ಆರಿಸಿದರು. ಪೂರ್ತಿ ಅರಿವಳಿಕೆ, ಬೋರಲು ಮಲಗಿಸಿ ಸೊಂಟದ ಹಿಂದಿನ ಮೂಳೆಯಿಂದ ಸುಮಾರು ಒಂದು ಲೀಟರ್. ನನಗೆ ಗೊತ್ತಾದದ್ದು ಎಚ್ಚರವಾದ ಮೇಲೆ ಸೊಂಟದ ನೋವು ಮಾತ್ರ. ಒಂದು ವಾರ ಬಗ್ಗುವುದು, ಮೆಟ್ಟಿಲು ಹತ್ತುವುದು ಕಷ್ಟ. ಕಬ್ಬಿಣದ ಮಾತ್ರೆ ಕೆಲವು ತಿಂಗಳು. ಅಷ್ಟೇ ರೀ.

ತಮ್ಮನ ಕಡೆ ಆಪರೇಷನ್ನೇ ಇಲ್ಲ. ರಕ್ತ ಏರಿಸಿದ ಹಾಗೆ ಎದೆಯ ಪೈಪಿನಿಂದ ಹೋಯಿತು. ಅವ್ವ ಗಾಜಿನ ಹೊರಗೆ ಣಮೋಕಾರ ಮಂತ್ರ ಹೇಳುತ್ತಾ ನಿಂತಿದ್ದಳು. ಅಮಾವಾಸ್ಯೆ, ಹುಣ್ಣಿಮೆ ಯಾವುದನ್ನೂ ನೋಡಿರಲಿಲ್ಲ.

ಆಮೇಲಿನ ವಾರಗಳೇ ನಿಜವಾದ ಪರೀಕ್ಷೆ. ಬಾಯಿ ತುಂಬ ಹುಣ್ಣು, ಜ್ವರ, ನುಂಗಲು ಆಗದು. ಬಿಳಿಕಣ ಸೊನ್ನೆ. ಒಳಗೆ ಒಬ್ಬರಿಗೇ ಪ್ರವೇಶ. ಊಟದ ನಿಯಮಗಳ ಪಟ್ಟಿ ಕೊಟ್ಟರು. ಆಗಷ್ಟೇ ಮಾಡಿದ ಬಿಸಿ ಅಡುಗೆ, ತಂಗಳು ಬೇಡ, ಕಾಯಿಸಿದ ನೀರು, ಹಸಿ ಮೊಳಕೆಕಾಳು ಬೇಡ, ಜೇನುತುಪ್ಪ ಬೇಡ. ಅವ್ವ ಪಟ್ಟಿ ಓದಿಸಿಕೊಂಡು, “ಇದರಾಗ ಹೊಸಾದೇನೈತಿ?” ಅಂದಳು. ಡಯಟೀಷಿಯನ್ ಅವಳ ಅಡುಗೆ ನೋಡಿ ಬೇರೆಯವರಿಗೂ ಹೇಳಿಕೊಡಿ ಅಂದರು. ಬಾಡಿಗೆ ರೂಮಿನಲ್ಲಿ ಒಂದೇ ಒಲೆ, ಒಂದೇ ಕುಕ್ಕರ್, ಹೊತ್ತು ಹೊತ್ತಿಗೆ ಅನ್ನ, ಬೇಳೆ. ತೊಡಕಾದದ್ದು ರಾತ್ರಿ ಊಟ. ವ್ರತ ಇರುವುದು ಅವ್ವನಿಗೆ, ತಮ್ಮನಿಗಲ್ಲ ಅಂತ ಅವಳೇ ತೀರ್ಮಾನ ಮಾಡಿ ಒಂಬತ್ತು ಗಂಟೆಗೆ ಗಂಜಿ ಕಳಿಸುತ್ತಿದ್ದಳು.

ಬಿಳಿಕಣದ ಒಂದು ಬಗೆ, ನ್ಯೂಟ್ರೋಫಿಲ್, ಸತತ ಮೂರು ದಿನ 500ರ ಮೇಲೆ ನಿಂತರೆ ಕಸಿ ಹಿಡಿಯಿತು ಅಂತ ಲೆಕ್ಕ. ದಿನಾ ಬೆಳಿಗ್ಗೆ ಆ ಅಂಕಿಗಾಗಿ ಕಾಯುವುದು. ಹಿಡಿಯಿತು. ಈಗ ತಮ್ಮನ ರಕ್ತಕಣಗಳಲ್ಲಿ ಇರುವುದು ಹೆಣ್ಣಿನ ವರ್ಣತಂತು ಅಂತ ಡಾಕ್ಟರು ಹೇಳಿದಾಗ ಅವನು, “ಅಕ್ಕಾ, ಇನ್ನ ರಾಖಿ ಯಾರ ಯಾರಿಗೆ ಕಟ್ಟೂದು?” ಅಂದ. ಎಷ್ಟೋ ದಿನದ ಮೇಲೆ ನಕ್ಕಿದ್ದೆವು.

ಡಿಸ್ಚಾರ್ಜ್ ಆದರೂ ನೂರು ದಿನ ಆಸ್ಪತ್ರೆಯ ಹತ್ತಿರವೇ ಇರಬೇಕು. ಎಸ್ಟಿಮೇಟಿನಲ್ಲಿ ಈ ಬಾಡಿಗೆ, ಆಟೋ, ವಾರವಾರದ ಪರೀಕ್ಷೆ ಇರುವುದಿಲ್ಲ. ಬೇರೆಯಾಗಿ ದುಡ್ಡು ಎತ್ತಿಡಿ. ಮೈ ಮೇಲೆ ಗುಳ್ಳೆ, ಭೇದಿ, ಕಣ್ಣು ಹಳದಿ ಕಂಡರೆ ತಡಮಾಡದೆ ಹೋಗಬೇಕು, ದಾನಿಯ ಕೋಶಗಳು ರೋಗಿಯ ಮೈಮೇಲೆ ತಿರುಗಿಬೀಳುವ ಲಕ್ಷಣ ಅವು. ತಮ್ಮನಿಗೆ ಸ್ವಲ್ಪ ಗುಳ್ಳೆ ಬಂದು ಹೋಯಿತು. ಕೋಶಗಳು ಹಾಗೆ ತಿರುಗಿಬೀಳದಂತೆ ತಡೆಯುವ ಸೈಕ್ಲೋಸ್ಪೊರಿನ್ ಮಾತ್ರೆ 12 ಗಂಟೆಗೊಮ್ಮೆ, ಹೊತ್ತು ತಪ್ಪುವಂತಿಲ್ಲ. ಔಷಧಿ ಹುಟ್ಟಿದ್ದು ಮಣ್ಣಿನ ಒಂದು ಶಿಲೀಂಧ್ರದಿಂದ. ಆದರೆ ಮೇಲಿನ ಮೆತ್ತನೆಯ ಕವಚ ಜೆಲಾಟಿನ್, ಪ್ರಾಣಿಯ ಮೂಳೆ, ಚರ್ಮದ್ದು. ಅವ್ವನ ನೋಟ್‌ಬುಕ್ಕಿಗೆ ಅದೂ ಸಿಕ್ಕಿಬಿತ್ತು. ಕೇಳಿದರೆ, ಇದೇ ಔಷಧಿ ದ್ರವ ರೂಪದಲ್ಲೂ ಬರುತ್ತದೆ ಅಂದರು. ಈಗ ತಮ್ಮ ಅದನ್ನೇ ಕುಡಿಯುತ್ತಾನೆ. ರುಚಿ ಕೆಟ್ಟದಾಗಿದೆಯಂತೆ. ಬದಲಾಯಿಸುವುದಾದರೆ ಡಾಕ್ಟರನ್ನು ಕೇಳಿಯೇ ಬದಲಾಯಿಸಿ, ಅಳತೆ ತಪ್ಪಬಾರದು.

ನಿಮ್ಮ ಮನೆಯಲ್ಲೂ ಇಂಥ ಪ್ರಶ್ನೆ ಎದ್ದರೆ ಅಡ್ಮಿಟ್ ಆಗುವ ಮೊದಲೇ ಕೇಳಿಸಿ. ಆಗ ಬೇರೆ ಔಷಧಿ, ಬೇರೆ ರೂಪ ಹುಡುಕಲು ಸಮಯ ಇರುತ್ತದೆ. ಐಸಿಯು ಬಾಗಿಲಲ್ಲಿ ಸಮಯ ಇರುವುದಿಲ್ಲ. ಡಾಕ್ಟರು ಬೇಜಾರು ಮಾಡಿಕೊಳ್ಳುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ, ಜಾಸ್ತಿ ಜನ ಮಾಡಿಕೊಳ್ಳುವುದಿಲ್ಲ.

ಮುಂದಿನ ಕೆಲಸ ಲಸಿಕೆಗಳದ್ದು. ಕಸಿಯಾದವರ ಹಳೆಯ ರೋಗನಿರೋಧಕ ಶಕ್ತಿ ಅಳಿಸಿಹೋಗುವುದರಿಂದ, ಚಿಕ್ಕಂದಿನ ಲಸಿಕೆಗಳನ್ನೆಲ್ಲ ಮತ್ತೆ ಹಾಕಿಸಬೇಕು. ದಡಾರ, ರುಬೆಲ್ಲಾದಂಥ ಜೀವಂತ ಲಸಿಕೆಗಳು ಎರಡು ವರ್ಷವಾದ ಮೇಲೆ. ರುಬೆಲ್ಲಾ ಲಸಿಕೆಯ ವೈರಸ್ಸನ್ನು ಬೆಳೆಸುವುದು, 1960ರ ದಶಕದಲ್ಲಿ ಗರ್ಭಪಾತವಾದ ಭ್ರೂಣದಿಂದ ತೆಗೆದು ಇಂದಿಗೂ ಬೆಳೆಸುತ್ತಿರುವ ಕೋಶಗಳಲ್ಲಿ. ಬೇರೆ ದಾರಿ ಇಲ್ಲದಿದ್ದರೆ ಅದನ್ನು ಹಾಕಿಸಿಕೊಳ್ಳಬಹುದು ಅಂತ ವ್ಯಾಟಿಕನ್ ಹೇಳಿದೆಯಂತೆ, ನರ್ಸ್ ಹೇಳಿದ್ದು. ಅವ್ವ ಅದನ್ನು ಬರೆಸಿಕೊಂಡು, ಪಕ್ಕದಲ್ಲಿ ಮಹಾರಾಜರನ್ನು ಕೇಳಬೇಕು ಅಂತಲೂ ಬರೆಸಿದ್ದಾಳೆ. ತಮ್ಮ ಮಾತ್ರ ಹಾಕಿಸಿಕೊಳ್ಳುವುದೇ ಸೈ ಅನ್ನುತ್ತಾನೆ. ಇಬ್ಬರೂ ಈಗಿನಿಂದಲೇ ವಾದ ಶುರು ಮಾಡಿದ್ದಾರೆ.